ಮಿಲಿಟರಿ ಗೋಡೆ ಬಾಜೂಕ ಮನೆ: ಜಾಗ ಯಾರದು ಅಂತ ಮೊದಲು ಕೇಳಿ

"ಮಿಲಿಟರಿ ಕಂಪೌಂಡ್ ಬಾಜೂಕ ಅದ ರೀ ಸಾಹೇಬ್ರ. ಕಳ್ಳರ ಕಾಟ ಇಲ್ಲ, ಗದ್ದಲ ಇಲ್ಲ, ಗಾಳಿ ಬೆಳಕು ಭರಪೂರ." ಬೆಳಗಾವಿಯಲ್ಲಿ ಮನೆಯೋ ಪ್ಲಾಟೋ ಹುಡುಕಲು ಹೊರಟವರ ಕಿವಿಗೆ ಏಜೆಂಟರು ಮೊದಲು ಹಾಕುವ ಮಾತು ಇದು. ಮಾತು ಪೂರಾ ಸುಳ್ಳಲ್ಲ. ಗಾಳಿಯೂ ಇದೆ, ಬೆಳಕೂ ಇದೆ. ಆದರೆ ಆ ಕಂಪೌಂಡಿನ ಈಚೆಗಿರುವ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಕೇಳದ ಹೊರತು ಯಾರೂ ಹೇಳುವುದಿಲ್ಲ. ಕೇಳಿದರೂ "ಎಲ್ಲಾ ಕ್ಲಿಯರ್ ಅದ ರೀ, ನೀವ್ಯಾಕ ಕಾಳಜಿ ಮಾಡ್ತೀರಿ" ಅಂತ ಒಂದು ಕಪ್ ಚಹಾ ತರಿಸುತ್ತಾರೆ. ಚಹಾ ಕುಡಿದವರು ಅರ್ಧ ಸೋತಂತೆಯೇ ಲೆಕ್ಕ!

ಮಕ್ಕಳ ಪರೀಕ್ಷೆ ಮುಗಿದು ಸ್ಕೂಲು ತೆರೆಯುವ ಮುಂಚಿನ ಎರಡು ತಿಂಗಳಲ್ಲಿ ಈ ಹುಡುಕಾಟ ಜೋರು. ವರ್ಗವಾಗಿ ಬಂದ ನೌಕರರು, ಪಿಂಚಣಿಯ ದುಡ್ಡು ಕೈಗೆ ಬಂದ ಮಾಜಿ ಸೈನಿಕರು, ಅಂಗಡಿಗೆ ಜಾಗ ನೋಡುವ ವ್ಯಾಪಾರಸ್ಥರು, ಎಲ್ಲರೂ ಕ್ಯಾಂಪು, ಹಿಂಡಲಗಾ, ಗಣೇಶಪುರ, ಸಾಂಬ್ರಾ ಅಂತ ಸುತ್ತುತ್ತಾರೆ. ಅವರಿಗಾಗಿ ಈ ಬರಹ.

ನಮ್ಮ ಊರಿನ ವಿಚಿತ್ರ ಏನಂದ್ರೆ, ಇಲ್ಲಿ ದಂಡು ಊರ ಹೊರಗಿಲ್ಲ, ಊರ ಮಧ್ಯದಲ್ಲೇ ಇದೆ. 1818ರಲ್ಲಿ ಮನ್ರೋ ಸಾಹೇಬ ಕೋಟೆ ಹಿಡಿದ ಮೇಲೆ ಇಂಗ್ಲಿಷರ ಪಲ್ಟನ್ನು ಇಲ್ಲೇ ಬೀಡುಬಿಟ್ಟಿತು. 1832ರಲ್ಲಿ ಕಂಟೋನ್ಮೆಂಟ್ ಆಯಿತು. 1922ರಲ್ಲಿ ಮರಾಠಾ ಪಲ್ಟನ್ನಿನ ಕೇಂದ್ರ ಬಂತು, ಇಂದಿಗೂ ಮರಾಠಾ ಲೈಟ್ ಇನ್‌ಫಂಟ್ರಿಯ ತವರು ಇದೇ. ಆಗ ಊರು ಒಂದು ಕಡೆ, ದಂಡು ಒಂದು ಕಡೆ. ಆಮೇಲೆ ಟಿಳಕವಾಡಿ ಬೆಳೆಯಿತು, ಹಿಂಡಲಗಾ ದಾರಿಯಲ್ಲಿ ವಿಜಯನಗರ ಎದ್ದಿತು, ಗಣೇಶಪುರ ತುಂಬಿತು. ದಂಡು ಜಾಗ ಬಿಟ್ಟು ಅಲ್ಲಾಡಲಿಲ್ಲ, ಊರೇ ಅದನ್ನು ಸುತ್ತುವರಿದು ಬೆಳೆಯಿತು. ಹಿಂಗಾಗಿ ಇಂದು ಹಿಂಡಲಗಾದವರು ಮಾರ್ಕೆಟ್ಟಿಗೆ ಬರಬೇಕಾದರೂ ಮಿಲಿಟರಿ ಮರಗಳ ನೆರಳಲ್ಲೇ ಬರಬೇಕು.

ಈಗ ಕ್ಯಾಂಪಿನ ವಿಷಯಕ್ಕೆ ಬರೋಣ. ದೊಡ್ಡ ಮರ, ಹೆಂಚಿನ ಬಂಗಲೆ, ಅಗಲವಾದ ಅಂಗಳ, ನಡೆದು ಹೋಗುವಷ್ಟು ದೂರದಲ್ಲಿ ಸೇಂಟ್ ಪಾಲ್ಸ್, ಕಾನ್ವೆಂಟ್. ಯಾರಿಗೆ ಬೇಡ? ಮನೆ ಮಾರಾಟಕ್ಕಿದೆ ಎಂದು ಕೇಳಿದ ಕೂಡಲೇ ದುಡ್ಡಿದ್ದವರ ಬಾಯಲ್ಲಿ ನೀರೂರುತ್ತದೆ. ನಿಲ್ಲಿ. ಆ ಬಂಗಲೆ ಕೊಳ್ಳಬಹುದು, ಅದು ನಿಂತ ನೆಲ ಕೊಳ್ಳಲಿಕ್ಕೆ ಆಗದೇ ಇರಬಹುದು.

ಇದು ಹೇಗೆ ಅಂತೀರಾ? ಕಂಪನಿ ಸರ್ಕಾರದ ಕಾಲದಲ್ಲಿ ದಂಡಿನ ಅಧಿಕಾರಿಗಳಿಗೆ ವಾಸಕ್ಕೆ ಮನೆ ಬೇಕಾಗಿತ್ತು. ಸರ್ಕಾರ ಸ್ವಂತ ಖರ್ಚಿನಲ್ಲಿ ಕಟ್ಟಲಿಲ್ಲ. ಖಾಸಗಿಯವರಿಗೆ ಜಾಗ ತೋರಿಸಿ, ನೀವು ಕಟ್ಟಿಕೊಳ್ಳಿ, ಮನೆ ನಿಮ್ಮದು, ನೆಲ ಮಾತ್ರ ಸರ್ಕಾರದ್ದು, ಬೇಕಾದಾಗ ನೋಟಿಸು ಕೊಟ್ಟು ಕಟ್ಟಡದ ಬೆಲೆ ತೆತ್ತು ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಕರಾರು ಹಾಕಿತು. ಇದಕ್ಕೆ ಓಲ್ಡ್ ಗ್ರ್ಯಾಂಟ್ ಅಂತ ಹೆಸರು. ದೇಶದ ಕಂಟೋನ್ಮೆಂಟುಗಳಲ್ಲಿ ಇಂಥ ಬಂಗಲೆಗಳು ಇಂದಿಗೂ ಬೇಕಾದಷ್ಟಿವೆ. ಇಂಗ್ಲಿಷರು ಹೋಗಿ ಮುಕ್ಕಾಲು ಶತಮಾನವಾಯಿತು, ಕರಾರು ಹೋಗಿಲ್ಲ. ಅಜ್ಜ ಕೊಂಡ, ಅಪ್ಪ ಅನುಭವಿಸಿದ, ಮೊಮ್ಮಗ ಮಾರುತ್ತಿದ್ದಾನೆ. ಮೂರು ತಲೆಮಾರಿನ ಮಂದಿಗೂ ನೆಲದ ಮಾಲಕತ್ವ ಬಂದಿಲ್ಲ. ದಾಖಲೆಯಲ್ಲಿ ಅವರು ಮಾಲಕರಲ್ಲ, 'ಸ್ವಾಧೀನದ ಹಕ್ಕುದಾರರು' ಮಾತ್ರ.

ಇದನ್ನು ಪತ್ತೆ ಹಚ್ಚುವುದು ಹೇಗೆ? ಕಂಟೋನ್ಮೆಂಟಿನಲ್ಲಿ ಪ್ರತಿ ಸರ್ವೆ ನಂಬರಿಗೂ ಜನರಲ್ ಲ್ಯಾಂಡ್ ರಿಜಿಸ್ಟರ್ ಅಂತ ಒಂದು ದಫ್ತರವಿದೆ. ಬಾಯಿಮಾತಿನಲ್ಲಿ ಜಿಎಲ್‌ಆರ್. ಹಳ್ಳಿ ಹೊಲಕ್ಕೆ ಪಹಣಿ ಹೇಗೋ ಕ್ಯಾಂಪಿನ ಮನೆಗೆ ಜಿಎಲ್‌ಆರ್ ಹಾಗೆ. ಬಝಾರ್ ಕಡೆಯ ನಾಗರಿಕ ಪ್ರದೇಶದ ರಿಜಿಸ್ಟರು ಕಂಟೋನ್ಮೆಂಟ್ ಬೋರ್ಡಿನ ಮುಖ್ಯಾಧಿಕಾರಿ ಕಡೆ ಇರುತ್ತದೆ, ಅದರಾಚೆಯ ಜಾಗದ್ದು ಡಿಫೆನ್ಸ್ ಎಸ್ಟೇಟ್ಸ್ ಅಧಿಕಾರಿಯ ಕಡೆ. ಅದರಲ್ಲಿ ಜಾಗದ ವರ್ಗ ಬರೆದಿರುತ್ತದೆ. ಎ-1 ಅಂದರೆ ಸೈನ್ಯದ ನೇರ ಬಳಕೆಯದು, ಸಿ ಅಂದರೆ ಬೋರ್ಡಿಗೆ ಸೇರಿದ್ದು, ಬಿ-3 ಅಂದರೆ ಈ ನಮ್ಮ ಓಲ್ಡ್ ಗ್ರ್ಯಾಂಟು, ಲೀಸು ಇತ್ಯಾದಿ ಖಾಸಗಿಯವರ ಕೈಯಲ್ಲಿರುವ ಸರ್ಕಾರಿ ನೆಲ. ಉತಾರ ತೆಗೆಸಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುವ ಸಂಗತಿ. ಆದರೆ ಬಹಳ ಜನ ಬಣ್ಣ ನೋಡುತ್ತಾರೆ, ಬಾವಿ ನೋಡುತ್ತಾರೆ, ವಾಸ್ತು ನೋಡಿಸುತ್ತಾರೆ, ಉತಾರ ನೋಡುವುದಿಲ್ಲ.

"ಸಬ್ ರಿಜಿಸ್ಟ್ರಾರ್ ಆಫೀಸಿನಾಗ ರಿಜಿಸ್ಟರ್ ಆಗೇತಲ್ರೀ" ಎನ್ನುವವರಿದ್ದಾರೆ. ಆಗಿರಬಹುದು. ಮಾರುವವನಿಗೆ ಇಲ್ಲದ ಹಕ್ಕು ರಿಜಿಸ್ಟರ್ ಮಾಡಿಸಿದ ಮಾತ್ರಕ್ಕೆ ಕೊಳ್ಳುವವನಿಗೆ ಹುಟ್ಟುವುದಿಲ್ಲ. ಮಧ್ಯಪ್ರದೇಶದ ಸಾಗರ್ ಕಂಟೋನ್ಮೆಂಟಿನ ಒಂದು ಬಂಗಲೆಯ ಜಗಳ ದಿಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋಗಿ 2012ರಲ್ಲಿ ತೀರ್ಪಾಯಿತು. ನ್ಯಾಯಾಲಯ ಕೇಂದ್ರ ಸರ್ಕಾರದ ಪರ ನಿಂತಿತು. ಜಿಎಲ್‌ಆರ್‌ನಲ್ಲಿ ಬರೆದದ್ದನ್ನು ಹಾಗೆಲ್ಲ ತಳ್ಳಿಹಾಕಲು ಬರುವುದಿಲ್ಲ ಎಂಬುದು ಆ ತೀರ್ಪಿನಿಂದ ಎಲ್ಲರೂ ತಿಳಿದುಕೊಳ್ಳಬೇಕಾದ ಸಂಗತಿ. ಇಂಥ ಜಾಗದ ಮೇಲೆ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡುವುದೂ ಇದೇ ಕಾರಣಕ್ಕೆ. ಕೊಳ್ಳುವ ಮೊದಲು ಬ್ಯಾಂಕಿಗೆ ಹೋಗಿ ಸಾಲ ಕೇಳಿ ನೋಡಿ. ಸಾಲ ಬೇಡದಿದ್ದರೂ ಕೇಳಿ. ಅವರ ವಕೀಲರು ಮೂಗು ಮುರಿದರೆ ನೀವೂ ಮುರಿಯಿರಿ.

ಮತ್ತೊಂದು. ಕೊಂಡ ಮೇಲೆ ಹೆಸರು ಬದಲಾವಣೆ ಬೋರ್ಡಿನಲ್ಲಿ ಆಗಬೇಕು. ಒಂದು ಕೋಣೆ ಏರಿಸಬೇಕಾದರೂ, ಅಂಗಡಿಗೆ ಮುಂದಿನ ಗೋಡೆ ಒಡೆದು ಶಟರ್ ಕೂರಿಸಬೇಕಾದರೂ ಬೋರ್ಡಿನ ಮಂಜೂರಾತಿ ಬೇಕು. ಪಾಲಿಕೆಯಲ್ಲಿ ನಡೆಯುವ 'ಆಮೇಲೆ ದಂಡ ಕಟ್ಟಿದರಾಯ್ತು' ಎಂಬ ಧೈರ್ಯ ಇಲ್ಲಿ ಬೇಡ. ಮಂಜೂರಾತಿ ಇಲ್ಲದೆ ಕಟ್ಟಿದ್ದನ್ನು ಕೆಡವಿಸುವ ಅಧಿಕಾರ 2006ರ ಕಂಟೋನ್ಮೆಂಟ್ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ.

ಇತ್ತೀಚೆಗೆ ಏಜೆಂಟರಿಗೆ ಹೊಸ ರಾಗ ಸಿಕ್ಕಿದೆ. "ಕಂಟೋನ್ಮೆಂಟ್ ತೆಗೀತಾರ ರೀ, ಪಾಲಿಕೆಗೆ ಸೇರ್‍ತದ, ಆಮ್ಯಾಲ ರೇಟು ಡಬಲ್." ರಾಗಕ್ಕೆ ಆಧಾರ ಇಲ್ಲದಿಲ್ಲ. 2023ರ ಏಪ್ರಿಲಿನಲ್ಲಿ ಹಿಮಾಚಲದ ಖಾಸ್ ಯೋಲ್ ಕಂಟೋನ್ಮೆಂಟನ್ನು ರದ್ದು ಮಾಡಿ ನಾಗರಿಕ ಪ್ರದೇಶವನ್ನು ಬಿಡಿಸಿಕೊಟ್ಟರು. ಬೇರೆ ಕಂಟೋನ್ಮೆಂಟುಗಳ ನಾಗರಿಕ ಪ್ರದೇಶಗಳನ್ನೂ ಆಯಾ ಊರಿನ ನಗರಸಭೆ, ಪಾಲಿಕೆಗಳಿಗೆ ಸೇರಿಸುವ ಮಾತು ಎದ್ದಿತು, ಬೆಳಗಾವಿಯಲ್ಲೂ ಎದ್ದಿತು. ಅದೇ ಏಪ್ರಿಲ್ 30ಕ್ಕೆ ನಡೆಯಬೇಕಿದ್ದ ಬೋರ್ಡ್ ಚುನಾವಣೆಯನ್ನು ಮಾರ್ಚಿನಲ್ಲೇ ರದ್ದುಪಡಿಸಿದರು. ಆದರೆ 2024ರಲ್ಲಿ ಕೇಂದ್ರ ಕೊಟ್ಟ ಸೂಚನೆ ಓದಿದವರು ಕಡಿಮೆ. ರಸ್ತೆ, ನೀರು, ದೀಪ ಮುಂತಾದ ಪೌರಸೇವೆಯ ಆಸ್ತಿಗಳು ಬಿಟ್ಟಿಯಾಗಿ ರಾಜ್ಯಕ್ಕೆ ಹೋಗುತ್ತವೆ. ಕೇಂದ್ರದ ಹಕ್ಕಿರುವ ನೆಲದ ಮೇಲೆ ಆ ಹಕ್ಕು ಕೇಂದ್ರದ ಕೈಯಲ್ಲೇ ಉಳಿಯುತ್ತದೆ. ಅಂದ್ರೆ ಏನಾಯ್ತು? ಕಸ ಒಯ್ಯುವ ಗಾಡಿ ಪಾಲಿಕೆಯದಾದೀತು, ಮನೆಪಟ್ಟಿ ಪಾಲಿಕೆಗೆ ಕಟ್ಟುವಿರಿ, ನೆಲ ಎಲ್ಲಿದೆಯೋ ಅಲ್ಲೇ. ಈ ಆಸೆಯ ಮೇಲೆ ಹೆಚ್ಚಿನ ದುಡ್ಡು ಸುರಿಯುವುದು ನನಗಂತೂ ಲಾಟರಿ ಟಿಕೆಟಿಗಿಂತ ದೊಡ್ಡ ವ್ಯವಹಾರವಾಗಿ ಕಾಣುವುದಿಲ್ಲ.

ಹಾಗಾದರೆ ಕ್ಯಾಂಪು ಬೇಡವೇ? ಬಾಡಿಗೆಗೆ ಇರುವವರಿಗೆ ಅದಕ್ಕಿಂತ ಒಳ್ಳೆ ಜಾಗ ಊರಲ್ಲಿಲ್ಲ. ನೆಲ ಯಾರದಾದರೇನು, ನೆರಳು ನಿಮ್ಮದು! ಹಸಿರಿನಲ್ಲಿ ಮನುಷ್ಯರಷ್ಟೇ ಇರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. 2022ರ ಆಗಸ್ಟಿನಲ್ಲಿ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನದ ಪೊದೆ ಸೇರಿ, 22 ಶಾಲೆಗಳಿಗೆ ವಾರಗಟ್ಟಲೆ ರಜೆ ಕೊಡಿಸಿತು. ಶಿವಮೊಗ್ಗೆಯ ಸಕ್ರೆಬೈಲಿನಿಂದ ಆನೆ ತರಿಸಿದರೂ ಅದು ಕೈಗೆ ಸಿಗಲಿಲ್ಲ. ಹುಡುಗರು ಮಾತ್ರ ಆ ಚಿರತೆಯನ್ನು ಇಂದಿಗೂ ಪ್ರೀತಿಯಿಂದ ನೆನೆಸುತ್ತಾರೆ.

ಸ್ವಂತ ಮನೆಯೇ ಬೇಕು, ದುಡ್ಡೂ ಹದವಾಗಿದೆ ಎನ್ನುವವರು ಹಿಂಡಲಗಾ, ವಿಜಯನಗರ, ಗಣೇಶಪುರದ ಕಡೆ ಮುಖ ಮಾಡುತ್ತಾರೆ. ಮಾಜಿ ಸೈನಿಕರಂತೂ ವಿಶೇಷವಾಗಿ. ಹದಿನೇಳು, ಇಪ್ಪತ್ತು ವರ್ಷ ರಾಜಸ್ಥಾನದ ಬಿಸಿಲು, ಲಡಾಖಿನ ಚಳಿ ತಿಂದು ಬಂದವರಿಗೆ ಕ್ಯಾಂಟೀನು ಹತ್ತಿರ ಬೇಕು, ಮಿಲಿಟರಿ ಆಸ್ಪತ್ರೆ ಹತ್ತಿರ ಬೇಕು. 2003ರಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಶುರುವಾದ ಮೇಲೆ ಅದರ ಪಾಲಿಕ್ಲಿನಿಕ್ಕೂ ಹತ್ತಿರ ಬೇಕು. ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ಆಟೋ ಎಷ್ಟು ಹೊತ್ತಿಗೆ ಮುಟ್ಟೀತು ಎಂಬ ಲೆಕ್ಕ ಹಾಕಿ ಜಾಗ ಆರಿಸುವುದು ಶಾಣ್ಯಾತನವೇ. ಸಾಲಾಗಿ ನಾಲ್ಕು ಮನೆಯವರು ಒಂದೇ ಪಲ್ಟನ್ನಿನವರಾಗಿದ್ದರೆ ಕಷ್ಟಸುಖಕ್ಕೂ ಆಯಿತು.

ಆದರೆ ಮೋಸ ಹೋಗುವುದರಲ್ಲೂ ಇವರೇ ಮುಂದು. ಊರು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ, ರಜೆ ಒಂದು ತಿಂಗಳು. ಅಷ್ಟರಲ್ಲೇ ಪ್ಲಾಟು ಮುಗಿಸಿ ಹೋಗಬೇಕೆಂಬ ಅವಸರ. ಏಜೆಂಟ ಗಡಿಬಿಡಿಯಲ್ಲಿರುವ ಗಿರಾಕಿಯ ವಾಸನೆ ಹಿಡಿಯದೆ ಬಿಡುತ್ತಾನೆಯೇ? ಬಾಂಡ್ ಪೇಪರಿನ ಮೇಲೆ ಬರೆದು, ನೋಟರಿ ಮೊಹರು ಹಾಕಿಸಿ, ಎರಡು ಗುಂಠೆ ನಿಮ್ಮದು ಎಂದು ಕೈಗೆ ಕೊಡುತ್ತಾನೆ. ಮೂಲದಲ್ಲಿ ಅದು ಎನ್‌ಎ ಆಗದ ಹೊಲ. ಹೊಲದ ಪಹಣಿಯಲ್ಲಿ ಅಣ್ಣತಮ್ಮಂದಿರು ಏಳು ಜನ, ಸಹಿ ಮಾಡಿದವರು ಮೂರು ಜನ.

ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟ ನೋಂದಣಿ ಆಗಲೇಬೇಕೆಂದು 1908ರ ಕಾಯ್ದೆ ಹೇಳುತ್ತದೆ. ಅಧಿಕಾರಪತ್ರ, ಕರಾರುಪತ್ರದ ಮೇಲೆ ಮಾರಿದರೆ ಮಾಲಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಆದರೂ ಬಾಂಡಿನ ವ್ಯಾಪಾರ ನಿಂತಿಲ್ಲ, ಯಾಕಂದ್ರೆ ಅದು ಅಗ್ಗ. ಬುಡಾ ಮಂಜೂರಾದ ಲೇಔಟಿನ ಪ್ಲಾಟಿಗೂ ಬಾಂಡಿನ ಪ್ಲಾಟಿಗೂ ರೇಟಿನಲ್ಲಿ ಅಜಗಜಾಂತರ. ಆ ಅಂತರವೇ ನಿಮಗೆ ಸಂಗತಿ ಹೇಳಬೇಕು. ಅಗ್ಗದ ಮಾಲು ಯಾಕೆ ಅಗ್ಗ ಅಂತ ನಮ್ಮ ಅಂಗಡಿಕಾರರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಸ್ವಂತಕ್ಕೆ ಜಾಗ ಕೊಳ್ಳುವಾಗ ಮಾತ್ರ ಅದು ಮರೆಯುತ್ತದೆ. ಪಂಚಾಯತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ನೋಡಿ. ಎರಡೂ ಒಂದೇ ಎನ್ನುವವನ ಹತ್ತಿರ ಮುಂದೆ ಮಾತಾಡಬೇಡಿ.

ಈ ಕಡೆಯ ನೀರಿನ ಪ್ರಶ್ನೆ ಬೇರೆ. ರಾಕಸಕೊಪ್ಪದ ನೀರು ಪಾಲಿಕೆಯ ಮಂದಿಗೆ. ಊರಿನ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ತಾಸೂ ನಳ ಹರಿಯುತ್ತದೆ ಎಂದು ಕೇಳಿ ಪಂಚಾಯತಿ ಹದ್ದಿನಲ್ಲಿ ಮನೆ ಕಟ್ಟಿದರೆ ಆ ನಳ ನಿಮ್ಮ ಹಿಂದೆ ಬರುವುದಿಲ್ಲ. ಪ್ಲಾಟು ನೋಡಲು ಮಳೆಗಾಲದಲ್ಲಿ ಹೋಗಬೇಡಿ. ಬಾವಿ ತುಂಬಿರುತ್ತದೆ, ಎಲ್ಲಾ ಚೆಂದ ಕಾಣುತ್ತದೆ. ಏಪ್ರಿಲ್ ಕೊನೆಗೆ ಹೋಗಿ ಅಕ್ಕಪಕ್ಕದ ಬಾಯಾರನ್ನು ವಿಚಾರಿಸಿ: "ಟ್ಯಾಂಕರ್ ವಾರಕ್ಕೆಷ್ಟು ಸಲ ತರಿಸ್ತೀರಿ ವೈನಿ?" ಗಂಡಸರು ಮರ್ಯಾದೆಗೆ ಸುಳ್ಳು ಹೇಳಿಯಾರು, ಕೊಡ ಹೊರುವವರು ಹೇಳುವುದಿಲ್ಲ.

ಮಿಲಿಟರಿ ಗೋಡೆಗೇ ಅಂಟಿದ ಪ್ಲಾಟು ಇದ್ದರೆ ಇನ್ನೊಂದು ತೊಡಕು. 1903ರ ಕಾಯ್ದೆಯೊಂದು ಇದೆ, ರಕ್ಷಣಾ ನೆಲೆಗಳ ಸುತ್ತ ಕಟ್ಟಡ ಕಟ್ಟದಂತೆ ತಡೆಯಲು. ಅದರ ಹೊರತಾಗಿ ರಕ್ಷಣಾ ಇಲಾಖೆ 2011ರಲ್ಲಿ ಸೂಚನೆ ಹೊರಡಿಸಿ, ನೆಲೆಯ ಹತ್ತಿರ ಮನೆ ಕಟ್ಟುವವರು ಸೈನ್ಯದ ಒಪ್ಪಿಗೆ ಪಡೆಯಬೇಕೆಂದಿತು. ದೇಶದಾದ್ಯಂತ ಜನ ಕೂಗಾಡಿದ ಮೇಲೆ 2016ರಲ್ಲಿ ಸಡಿಲಿಸಿ, ಕೆಲವು ನೆಲೆಗಳಿಗೆ ಗೋಡೆಯಿಂದ 10 ಮೀಟರ್, ಇನ್ನು ಕೆಲವಕ್ಕೆ 100 ಮೀಟರ್ ಅಂತ ಗೆರೆ ಹಾಕಿದರು. ಹತ್ತು ಮೀಟರ್ ಎಂದರೆ ಹಿತ್ತಲು. ನೂರು ಮೀಟರ್ ಎಂದರೆ ಇಡೀ ಓಣಿ. ನಿಮ್ಮ ಗೋಡೆಗೆ ಯಾವ ಅಳತೆ ಎಂಬುದನ್ನು ಕಟ್ಟಡ ಪರವಾನಗಿ ಕೊಡುವ ಕಚೇರಿಯಿಂದ ಬರೆದು ತರಿಸಿಕೊಂಡೇ ಮುಂಗಡ ಕೊಡಿ. ಬಾಯಿಮಾತು ನಡೆಯುವುದಿಲ್ಲ.

ಸಾಂಬ್ರಾ ಕಡೆ ನೋಡುವವರಿಗೂ ಎರಡು ಮಾತು. ಅಲ್ಲಿ ವಾಯುದಳದ ತರಬೇತಿ ಶಾಲೆ ಇದೆ, ಬಗಲಲ್ಲಿ ವಿಮಾನ ನಿಲ್ದಾಣ. ಬೀದರಿನಂತೆ ತರಬೇತಿ ಜೆಟ್‌ಗಳು ತಲೆಯ ಮೇಲೆ ಗಿರಕಿ ಹೊಡೆಯುವ ಊರಲ್ಲ ಇದು, ಹಾಗಾಗಿ ಸದ್ದಿನ ಭಯ ಅಷ್ಟಿಲ್ಲ. ಎತ್ತರಕ್ಕೆ ಮಾತ್ರ ಕಟ್ಟುನಿಟ್ಟು: ಮಾಳಿಗೆ ಮೇಲೆ ಮಾಳಿಗೆ ಏರಿಸುವ ಯೋಚನೆ ಇದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಪರವಾನಗಿ ಮೊದಲು. ಮಾಂಸದಂಗಡಿ ಇಡುವವರು ಇನ್ನೊಂದು ನೆನಪಿಡಬೇಕು. ನಿಲ್ದಾಣದಿಂದ 10 ಕಿಲೋಮೀಟರ್ ಸುತ್ತಳತೆಯಲ್ಲಿ ಬಯಲಲ್ಲಿ ಪ್ರಾಣಿ ಕೊಯ್ಯುವುದು, ಹಕ್ಕಿಗಳು ಮುತ್ತುವಂತೆ ಕಸ ಸುರಿಯುವುದು ವಿಮಾನ ನಿಯಮಗಳ ಪ್ರಕಾರ ನಿಷಿದ್ಧ. ಒಂದು ಹದ್ದು ಎಂಜಿನ್ನಿಗೆ ಸಿಕ್ಕರೆ ಏನಾದೀತು ಎಂಬುದು ಎಲ್ಲರಿಗೂ ಗೊತ್ತು. ಆ ಹತ್ತು ಕಿಲೋಮೀಟರಿನಲ್ಲಿ ಊರಿನ ಒಂದು ಭಾಗವೂ ಬಂದೀತು.

ಅಂಗಡಿಯ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಸಾವಿರಾರು ಜನ ಜವಾನರು ಇದ್ದಾರೆ, ವ್ಯಾಪಾರ ಹರಿದುಬರುತ್ತದೆ ಎಂದು ದಂಡಿನ ಬಗಲಲ್ಲಿ ಕಿರಾಣಿ ಅಂಗಡಿ ಇಡಲು ಹೊರಟವರು ಒಂದು ಸಂಜೆ ಗೇಟಿನ ಹತ್ತಿರ ನಿಂತು ನೋಡಲಿ. ಕಾರ್ಡು ಇದ್ದವರು ಸಾಬೂನು, ಚಹಾಪುಡಿ, ಎಣ್ಣೆ, ಮಿಕ್ಸರು ಎಲ್ಲವನ್ನೂ ಕ್ಯಾಂಟೀನಿನಲ್ಲಿ ಕಡಿಮೆ ರೇಟಿಗೆ ಒಯ್ಯುತ್ತಾರೆ. ಅದರೊಡನೆ ಪೈಪೋಟಿ ಮಾಡಲು ಯಾವ ಹೋಲ್‌ಸೇಲ್ ದಲಾಲನಿಂದಲೂ ಆಗುವುದಿಲ್ಲ. ಕ್ಯಾಂಟೀನಿನಲ್ಲಿ ಸಿಗದ್ದನ್ನು ಮಾರಿದವನೇ ಗೆದ್ದ: ಕಾಯಿಪಲ್ಲೆ, ಹಾಲು, ಮೀನು, ಇಸ್ತ್ರಿ, ಮೊಬೈಲ್ ರಿಪೇರಿ, ಯುನಿಫಾರ್ಮಿನ ಹೊಲಿಗೆ, ಎದೆಗೆ ಹಚ್ಚುವ ಹೆಸರಪಟ್ಟಿ, ಮತ್ತೆ ಆ ಕಪ್ಪು ತಗಡಿನ ಟ್ರಂಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ನಂಬರು ಬರೆಯುವ ಪೇಂಟರನಿಗೆ ಬಿಡುವೇ ಇರುವುದಿಲ್ಲ.

ಉದ್ರಿ ಕೊಡುವಾಗ ಒಂದು ಎಚ್ಚರ. ಜವಾನ ಮೋಸಗಾರನಲ್ಲ, ಆದರೆ ಅವನ ಬದುಕು ಅವನ ಕೈಯಲ್ಲಿಲ್ಲ. ಆರ್ಡರ್ ಬಂದರೆ ಹೊರಡಬೇಕು. ಮೊಣಕಾಲುದ್ದದ ಖಾತೆ ಬೆಳೆಯಲು ಬಿಟ್ಟು ಆಮೇಲೆ ಜಮ್ಮುವಿಗೆ ಕಾರ್ಡು ಬರೆದು ಪ್ರಯೋಜನವಿಲ್ಲ. ಮನೆ ಬಾಡಿಗೆಗೆ ಕೊಡುವವರಿಗೂ ಇದೇ ಮಾತು. ಫೌಜಿ ಕುಟುಂಬ ಸಂಭಾವಿತ ಬಾಡಿಗೆದಾರ, ಒಂದನೇ ತಾರೀಖಿಗೆ ದುಡ್ಡು ತಪ್ಪುವುದಿಲ್ಲ, ಖಾಲಿ ಮಾಡೆಂದರೆ ಕೋರ್ಟಿಗೆ ಹೋಗುವುದಿಲ್ಲ. ಆದರೆ ಎರಡು ಮೂರು ವರ್ಷಕ್ಕೆ ಹೋಗುವುದು ಖಂಡಿತ. ಗಂಡ ಗಡಿಯಲ್ಲಿದ್ದು, ಮಕ್ಕಳ ಶಾಲೆಗಾಗಿ ಹೆಂಡತಿ ಒಬ್ಬಳೇ ಇಲ್ಲಿ ಸಂಸಾರ ನಡೆಸುವ ಮನೆಗಳೂ ಬಹಳ. ಅಂಥವರಿಗೆ ಗೋಡೆ ಹತ್ತಿರವಿದ್ದರೆ ಸಾಲದು, ಕರೆದರೆ ಕೇಳುವಷ್ಟು ದೂರದಲ್ಲಿ ನೆರೆಮನೆ ಬೇಕು. ಇದನ್ನು ಅರಿತ ಮನೆಮಾಲಕ ಡಿಪಾಜಿಟ್ಟಿನಲ್ಲಿ ಚೌಕಾಸಿ ಮಾಡಿದರೆ ಚಲೋ.

ಇನ್ನು ದಾರಿ. ದಂಡಿನ ನಡುವಿನ ರಸ್ತೆ ಊರಿನ ರಸ್ತೆಯಂತಲ್ಲ. ಯಾವ ರಸ್ತೆ ಸಾರ್ವಜನಿಕರಿಗೆ, ಯಾವುದು ಸೈನ್ಯಕ್ಕೆ ಎಂಬ ಜಗಳ ಸಿಕಂದರಾಬಾದಿನಲ್ಲಿ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ರಕ್ಷಣಾ ಇಲಾಖೆ ದೇಶದ ಕಂಟೋನ್ಮೆಂಟುಗಳಲ್ಲಿ ಮುಚ್ಚಿದ್ದ ರಸ್ತೆಗಳನ್ನು ತೆರೆಯಲು ಹೇಳಿತು. ಹೇಳಿದ್ದೇನೋ ಆಯಿತು, ಗೇಟಿನ ಬೀಗ ಗೇಟಿನವನ ಹತ್ತಿರವೇ ಇರುತ್ತದೆ. "ಈ ದಾರಿಲಿಂದ ಐದೇ ಮಿನಿಟು ರೀ" ಎಂದು ಏಜೆಂಟ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ತೋರಿಸಿದ ದಾರಿಯಲ್ಲಿ ಬಸ್ಸು ಹೋಗುತ್ತದೆಯೇ? ರಾತ್ರಿ ಬಿಡುತ್ತಾರೆಯೇ? ಆಗಸ್ಟ್ 15ರ, ಜನವರಿ 26ರ ಹಿಂದುಮುಂದು ಬಿಡುತ್ತಾರೆಯೇ?

ಆದ್ದರಿಂದ ಏಜೆಂಟನ ಬೈಕು ಬೇಡ. ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಆ ಬಡಾವಣೆಯ ಸ್ಟಾಪಿನಲ್ಲಿ ನಿಂತು, ಶಾಲೆ ಹುಡುಗರು, ಡಬ್ಬಿ ಹಿಡಿದ ನೌಕರರ ಜೊತೆ ಸಿಬಿಟಿಗೆ ಬನ್ನಿ. ಕೂರಲು ಸೀಟು ಸಿಕ್ಕಿತೋ, ಕಾಲಿಡಲು ಜಾಗ ಸಿಕ್ಕಿತೋ ನೋಡಿ. ಸಂಜೆ ಅದೇ ನಂಬರಿನ ಬಸ್ಸಿಗೆ ಮರಳಿ ಹೋಗಿ. ಇಳಿಯುವಾಗ ಕಂಡಕ್ಟರನನ್ನು ಕೊನೇ ಬಸ್ಸು ಎಷ್ಟಕ್ಕೆ ಎಂದು ಕೇಳಿ, ಅದು ದಿನಾಲೂ ಬರುತ್ತದೋ ಇಲ್ಲವೋ ಎಂದು ಸ್ಟಾಪಿನ ಪಾನ್ ಅಂಗಡಿಯವನನ್ನು ಕೇಳಿ.